ಒಂದೂಕಾಲು ಎಕರೆಗೆ ಎಷ್ಟು ಬಾಯಿ?

ಪ್ರಶ್ನೆ: ಹನ್ನೊಂದು ವರ್ಷ ಶಾರ್ಜಾದಲ್ಲಿದ್ದು ಈಗ ಊರಿಗೆ ಬಂದಿದ್ದೇನೆ. ಕಾಸರಗೋಡಿನ ಪೆರ್ಲದ ಹತ್ತಿರ ನಮಗೆ ಒಂದೂಕಾಲು ಎಕರೆ ಜಾಗ ಉಂಟು. 90 ಸೆಂಟ್ಸ್ ಅಡಿಕೆ ತೋಟ, ಉಳಿದದ್ದು ಮನೆ, ನಾಲ್ಕು ತೆಂಗು, ಸ್ವಲ್ಪ ಗುಡ್ಡೆ. ನೀರಿಗೆ ಗುಡ್ಡೆಗೆ ಅಡ್ಡ ಕೊರೆದ ಒಂದು ಸುರಂಗ, ಒಂದು ಬಾವಿ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ದನ, ಹತ್ತು ಆಡು, ಐವತ್ತು ಕೋಳಿ ಸಾಕುವ ಆಸೆ. ಕೈಯಲ್ಲಿ ಒಂದೂವರೆ ಲಕ್ಷ ಇದೆ. ಪೇಟೆಯಲ್ಲಿ ಸಣ್ಣ ಅಂಗಡಿ ಇಡುವ ಯೋಚನೆಯೂ ಇದೆ. ಹೆಂಡತಿ ಟೀಚರ್. ದನಗಳನ್ನು ಅಮ್ಮ ನೋಡಿಕೊಳ್ಳುತ್ತಾರೆ, ಅವರಿಗೆ 67. ಎಂಟು ವರ್ಷದ ಮಗಳು ಪ್ರಾಣಿಗಳ ಜೊತೆ ಬೆಳೆದು ಬದುಕಿನ ನಾಲ್ಕು ಪಾಠ ಕಲಿಯಲಿ ಅಂತಲೂ ಇದೆ. ಯಾವುದರಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಒಂದೇ ಸಾಲಿನಲ್ಲಿ ನಿಂತೆ. "ದನಗಳನ್ನು ಅಮ್ಮ ನೋಡಿಕೊಳ್ಳುತ್ತಾರೆ." ಅಮ್ಮನನ್ನು ಕೇಳಿದ್ದೀರಾ ಮಾರಾಯ್ರೇ?

ಬೈದದ್ದಲ್ಲ. ಮೂವತ್ತು ವರ್ಷ ಈ ಗಡಿನಾಡಿನ ಹಟ್ಟಿಗಳಿಗೆ ಮದ್ದಿನ ಚೀಲ ಹಿಡಿದು ಹೋಗಿ ಬಂದವನು ನಾನು. ಬಾಯಾರು, ಪೈವಳಿಕೆ, ಮುಳ್ಳೇರಿಯ, ಅಡೂರು, ಎಲ್ಲ ಕಡೆ ನೋಡಿದ್ದು ಒಂದೇ ಕತೆ. ಹಟ್ಟಿಗಳು ಖಾಲಿಯಾದದ್ದು ಜಾಗ ಸಾಲದೆ ಅಲ್ಲ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು, ತೋಟದಿಂದ ಹುಲ್ಲಿನ ಹೊರೆ ತಲೆಯಲ್ಲಿ ಹೊತ್ತು, ಸಂಜೆ ಸೊಪ್ಪು ಹಾಕುತ್ತಿದ್ದ ಹೆಂಗಸರಿಗೆ ವಯಸ್ಸಾಯಿತು, ಮಂಡಿ ನೋವು ಬಂತು, ಆ ಕೆಲಸಕ್ಕೆ ಬೇರೆ ಯಾರೂ ಬರಲಿಲ್ಲ. ಅಷ್ಟೇ. ಆಮೇಲೆ ಹಟ್ಟಿಯಲ್ಲಿ ಬೈಕು ನಿಂತಿತು.

ಹಾಗಾಗಿ ನಾನು ಎಕರೆ ಲೆಕ್ಕ ಕೇಳುವುದಿಲ್ಲ. ಬೆಳಗ್ಗೆ ಆರಕ್ಕೆ ಮತ್ತು ಸಂಜೆ ಐದಕ್ಕೆ ಮನೆಯಲ್ಲಿ ಯಾರಿರುತ್ತಾರೆ ಅಂತ ಕೇಳುತ್ತೇನೆ. ಹೋದ ವರ್ಷ ಮದುವೆ, ಗೃಹಪ್ರವೇಶ, ಭೂತದ ನೇಮ, ಉತ್ತರಕ್ರಿಯೆಯ ಬೊಜ್ಜ ಅಂತ ಎಷ್ಟು ದಿನ ಇಡೀ ಮನೆಗೆ ಬೀಗ ಹಾಕಿದ್ದೀರಿ ಅಂತ ಕೇಳುತ್ತೇನೆ. ಕ್ಯಾಲೆಂಡರ್ ತೆಗೆದು ಒಂದು ತಿಂಗಳು ಬರೆದಿಡಿ. ದನವನ್ನು ಹಗ್ಗದಲ್ಲಿ ಕಟ್ಟುತ್ತೇವೆ ಅಂದುಕೊಳ್ಳುತ್ತೇವೆ, ಆದರೆ ಆ ಹಗ್ಗದ ಇನ್ನೊಂದು ತುದಿ ಇರುವುದು ನಮ್ಮ ಕಾಲಿಗೆ. ಕೋಳಿಯ ಹಗ್ಗ ಉದ್ದ, ಜೇನಿನದ್ದು ಇನ್ನೂ ಉದ್ದ, ಕರೆಯುವ ದನದ್ದು ಹನ್ನೆರಡು ಗಂಟೆಯಷ್ಟೇ ಉದ್ದ.

ಈಗ ನಿಮ್ಮ ಎರಡು ಎಚ್‌ಎಫ್ ನೋಡೋಣ. ನಾನೂರು ಕಿಲೋ ದಾಟಿದ ಒಂದು ದನಕ್ಕೆ ದಿನಕ್ಕೆ 25ರಿಂದ 30 ಕಿಲೋ ಹಸಿ ಹುಲ್ಲು ಬೇಕು. ನೀರು 60ರಿಂದ 80 ಲೀಟರ್, ತೊಳೆಯುವುದು ಬೇರೆ. ಹಿಂಡಿ ಹೊಟ್ಟೆಗೆ ಒಂದೂವರೆ ಕಿಲೋ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. ಎರಡು ದನ ಅಂದರೆ ದಿನಕ್ಕೆ ಮೂವತ್ತು ಕಿಲೋ ಮೇಲೆ ಸಗಣಿ ಎತ್ತಬೇಕು. ಏಪ್ರಿಲ್‌ನಲ್ಲಿ ನಿಮ್ಮ ಸುರಂಗದಲ್ಲಿ ಬೆರಳು ಗಾತ್ರ ನೀರು ಬರುವಾಗ ತೋಟಕ್ಕೆ ಬಿಡುವುದೋ ದನಕ್ಕೆ ಬಿಡುವುದೋ ಅಂತ ಜಗಳ ಶುರು. ಮತ್ತೆ ನಮ್ಮ ಈ ಸೆಕೆ, ಉಣ್ಣಿ, ನಾಲ್ಕು ತಿಂಗಳು ಬಿಡದೆ ಹೊಡೆಯುವ ಮಳೆ, ಇದೆಲ್ಲ ಆ ತಳಿಗೆ ಹೇಳಿ ಮಾಡಿಸಿದ್ದಲ್ಲ. ಪೂರ್ತಿ ಹೊತ್ತು ಅದನ್ನೇ ಮಾಡುವವರು ಸಾಕಿ ಗೆದ್ದದ್ದು ಉಂಟು. ಅಂಗಡಿ ಇಟ್ಟುಕೊಂಡು ಅಲ್ಲ. ಬಿಡಿ ಅದನ್ನು.

ಶುರು ಮಾಡುವುದು ಕೋಳಿಯಿಂದ. ಐವತ್ತಲ್ಲ, ಹನ್ನೆರಡು.

ಅದೂ ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ. ಜೂನ್‌ನಲ್ಲಿ ಮರಿ ತಂದು ಬಲ್ಬ್ ಕೆಳಗಿಟ್ಟು, ಕರೆಂಟ್ ಹೋಗಿ, ಬೆಳಗ್ಗೆ ಎಲ್ಲ ಒಂದರ ಮೇಲೊಂದು ಬಿದ್ದು ಸತ್ತದ್ದನ್ನು ಬಾಚಿ ಗುಂಡಿಗೆ ಹಾಕಿದವರು ಎಷ್ಟು ಮಂದಿ! ಊರಿನ ನಾಟಿ ಕೋಳಿ ವರ್ಷಕ್ಕೆ ಅರುವತ್ತು, ಎಂಬತ್ತು ಮೊಟ್ಟೆ ಇಡುತ್ತದೆ, ಆದರೆ ತಾನೇ ಕಾವಿಗೆ ಕೂತು 21 ದಿನಕ್ಕೆ ಮರಿ ಮಾಡುತ್ತದೆ, ಗಿಡುಗ ಕಂಡರೆ ಒಂದು ಸ್ವರ ತೆಗೆದು ಮರಿಗಳನ್ನು ಬುಡಕ್ಕೆ ಕರೆಯುತ್ತದೆ. ಗ್ರಾಮಶ್ರೀ, ಗ್ರಾಮಪ್ರಿಯದಂಥವು ಮೊಟ್ಟೆ ತುಂಬ ಜಾಸ್ತಿ ಇಡುತ್ತವೆ, ಕಾವಿಗೆ ಕೂರುವ ಬುದ್ಧಿ ಮಾತ್ರ ಕಡಿಮೆ. ನನ್ನ ಕೈ ಲೆಕ್ಕ ಹೀಗೆ: ಎಂಟು ಗ್ರಾಮಶ್ರೀ ಮೊಟ್ಟೆಗೆ, ಮೂರು ನಾಟಿ ಹೇಂಟೆ ಕಾವಿಗೆ, ಒಂದು ಹುಂಜ. ಹುಂಜ ಎರಡಾದರೆ ಅಂಗಳದಲ್ಲಿ ದಿನಾ ಅಂಕ, ಅಂದರೆ ಕಾಳಗ. ಕೋಳಿ ಅಂಕಕ್ಕೆ ಸಾಕಿದರೆ ಒಳ್ಳೆ ರೇಟು ಬರುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಕಾನೂನಿಗೆ ವಿರುದ್ಧ.

ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಹನ್ನೆರಡೂ ಒಂದೇ ವಾರದಲ್ಲಿ ಹೋಗುತ್ತವೆ. ಮರಿಗೆ ಏಳನೇ ದಿನ ಲಸೋಟ ಲಸಿಕೆ, ನಾಲ್ಕನೇ ವಾರ ಇನ್ನೊಮ್ಮೆ, ಎಂಟನೇ ವಾರ ಆರ್‌ಟುಬಿ ಚುಚ್ಚುಮದ್ದು. ಲಸಿಕೆಯ ಬಾಟಲಿ ನೂರು ಕೋಳಿಗೆ ಆಗುವಷ್ಟು ಬರುತ್ತದೆ, ನಿಮ್ಮದು ಹನ್ನೆರಡೇ. ಅಕ್ಕಪಕ್ಕದ ಮನೆಯವರನ್ನು ಸೇರಿಸಿಕೊಳ್ಳಿ. ಪಕ್ಕದ ಮನೆ ಕೋಳಿಗೆ ಹಾಕದೆ ನಿಮ್ಮದಕ್ಕೆ ಮಾತ್ರ ಹಾಕಿದರೆ ಅರ್ಧ ಕೆಲಸ ಆದ ಹಾಗೆ.

ಗೂಡಿನ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾನೇ ತಿಂದ ಪೆಟ್ಟು. ಇಲಾಖೆಯ ಕೆಲಸದಲ್ಲಿ ಇಡೀ ಊರಿಗೆ ಗೂಡು ಹೇಗೆ ಕಟ್ಟಬೇಕು ಅಂತ ಹೇಳಿಕೊಂಡು ತಿರುಗುತ್ತಿದ್ದ ಕಾಲ. ನಮ್ಮ ಮನೆ ಗೂಡಿನ ಹಿಂದೆ, ನೆಲದಿಂದ ಒಂದು ಗೇಣು ಮೇಲೆ, ಒಂದು ಹಲಗೆಯ ಮೂಲೆ ಗೆದ್ದಲು ತಿಂದು ಮೂರು ಬೆರಳು ಹೋಗುವಷ್ಟು ತೂತಾಗಿತ್ತು. ನೋಡಿದ್ದೆ. ಭಾನುವಾರ ಸರಿ ಮಾಡುವ ಅಂತ ಬಿಟ್ಟೆ. ಶುಕ್ರವಾರ ರಾತ್ರಿ ಪುನುಗು ಬೆಕ್ಕು ಬಂತು. ಬೆಳಗ್ಗೆ ಬಾಗಿಲು ತೆಗೆದಾಗ ಹನ್ನೊಂದು ಕೋಳಿ ನೆಲದಲ್ಲಿ. ತಿಂದದ್ದು ಒಂದನ್ನು, ಅದನ್ನೂ ಅರ್ಧ. ಉಳಿದದ್ದಕ್ಕೆಲ್ಲ ಬರೀ ಕುತ್ತಿಗೆಗೆ ಬಾಯಿ ಹಾಕಿ ಬಿಟ್ಟಿತ್ತು. ನಮ್ಮಾಕೆ ಏನೂ ಹೇಳಲಿಲ್ಲ. ಬುಟ್ಟಿ ತಂದು ಕೊಟ್ಟು ಒಳಗೆ ಹೋದಳು. ಅದೇ ಜಾಸ್ತಿ ಆಯಿತು.

ತೆಳು ಕೋಳಿ ಬಲೆಯನ್ನು ನಂಬಬೇಡಿ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಮುಂಗುಸಿ ಒಳಗೆ ಬಾರದ ಹಾಗೆ ಅಲ್ಲ. ಬೆಸುಗೆ ಹಾಕಿದ ಗಟ್ಟಿ ಬಲೆ ಬೇಕು, ಕಣ್ಣು ಅರ್ಧ ಇಂಚು. ಗೂಡು ನೆಲದಿಂದ ಎರಡು ಮೂರು ಅಡಿ ಎತ್ತರ ಇರಲಿ. ಚಿಲಕ ಬೇಕು, ಬರೀ ಕೊಕ್ಕೆ ಸಾಲದು. ಕಾರಡ್ಕ, ಮುಳಿಯಾರು ಕಡೆ ಈಚೆಗೆ ಚಿರತೆಯ ಸುದ್ದಿಯೂ ಇದೆ, ಹಾಗಾಗಿ ನಾಯಿಯನ್ನೂ ರಾತ್ರಿ ಬಯಲಲ್ಲಿ ಕಟ್ಟಿ ಹಾಕಬೇಡಿ.

ಒಂದು ವರ್ಷ ಬರೀ ಕೋಳಿ. ಒಂದು ಮಳೆಗಾಲ ದಾಟಿ, ಹನ್ನೆರಡರಲ್ಲಿ ಎಂಟಾದರೂ ಉಳಿದರೆ, ಆಮೇಲೆ ದನದ ಮಾತು.

ದನ ಅಂದರೆ ನಿಮ್ಮ ಜಾಗಕ್ಕೆ ನಾನು ಹೇಳುವುದು ನಮ್ಮ ಊರಿನದ್ದೇ, ಕಾಸರಗೋಡು ಗಿಡ್ಡ. ದೂರ ಹೋಗಬೇಕಾಗಿಲ್ಲ. ಬದಿಯಡ್ಕದ ಹತ್ತಿರ ಬೇಳದಲ್ಲಿ ಕೇರಳ ಪಶುಸಂಗೋಪನಾ ಇಲಾಖೆಯ ಫಾರಂ ಇದೆ, ಈ ತಳಿಯನ್ನು ಉಳಿಸಲಿಕ್ಕೇ ಇರುವುದು. ಅಮ್ಮನನ್ನು ಕರೆದುಕೊಂಡು ಹೋಗಿ ಒಂದು ಸಲ ನೋಡಿ ಬನ್ನಿ. ಸೊಂಟದ ಎತ್ತರ ಬಾರದ ದನ. ತೂಕ ನೂರೈವತ್ತು ಕಿಲೋ ಆಚೀಚೆ. ಹಾಲು ಒಂದು ಲೀಟರ್, ಎರಡು ಲೀಟರ್, ಚಂದ ಮೇವು ಸಿಕ್ಕಿದರೆ ಕೆಲವು ಮೂರು. ಡೈರಿಗೆ ಹಾಲು ಹಾಕಿ ಸಂಬಳ ಎಣಿಸುವ ಆಸೆ ಇದ್ದರೆ ಇದು ಬೇಡ. ಬೆಳಗಿನ ಕಾಫಿ, ಮಧ್ಯಾಹ್ನದ ಮಜ್ಜಿಗೆ, ಮಗಳಿಗೆ ಒಂದು ಲೋಟ, ಇಷ್ಟು ಸಾಕು ಅಂತಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಒಂದು ಹೊತ್ತು ಕರೆದು ಇನ್ನೊಂದು ಹೊತ್ತು ಕರುವಿಗೇ ಬಿಟ್ಟರೂ ನಡೆಯುತ್ತದೆ. ನೀವು ಮದುವೆಗೆ ಹೋಗಿ ರಾತ್ರಿ ತಡವಾಗಿ ಬಂದರೆ ಕೆಚ್ಚಲು ಬಾವು ಬಂತು ಅಂತ ನನಗೆ ಫೋನ್ ಮಾಡಬೇಕಾಗಿಲ್ಲ.

ಅಸಲಿ ಲಾಭ ಹಾಲಿನಲ್ಲಲ್ಲ, ಹಿಂದಿನಿಂದ ಬೀಳುವುದರಲ್ಲಿ. ಒಂಬತ್ತು ಅಡಿ ಅಂತರದಲ್ಲಿ 90 ಸೆಂಟ್ಸಿಗೆ ಸುಮಾರು 480 ಅಡಿಕೆ ಮರ ಹಿಡಿಯುತ್ತದೆ. ಒಂದು ಮರಕ್ಕೆ ವರ್ಷಕ್ಕೆ 12 ಕಿಲೋ ಹಟ್ಟಿಗೊಬ್ಬರ, 12 ಕಿಲೋ ಸೊಪ್ಪು ಅಂತ ಶಿಫಾರಸು. ಅಲ್ಲಿಗೆ ಐದೂಮುಕ್ಕಾಲು ಟನ್ ಗೊಬ್ಬರ ಬೇಕಾಯಿತು. ಒಂದು ಗಿಡ್ಡ ದಿನಕ್ಕೆ ನಾಲ್ಕೈದು ಕಿಲೋ ಸಗಣಿ ಹಾಕುತ್ತದೆ. ಹಟ್ಟಿಗೆ ದಿನಾ ಸೊಪ್ಪು, ಒಣ ಕರಡ ಹುಲ್ಲು ಹಾಕಿ ಗಂಜಳ ಹೀರಿಸಿದರೆ ಗೊಬ್ಬರ ಸರಿಸುಮಾರು ಇಮ್ಮಡಿ ಆಗುತ್ತದೆ, ಕಳಿತಾಗ ಸ್ವಲ್ಪ ಇಳಿಯುತ್ತದೆ ಅನ್ನಿ. ಎರಡು ಗಿಡ್ಡ ಇದ್ದರೆ ತೋಟದ ಅರ್ಧಕ್ಕಿಂತ ಜಾಸ್ತಿ ಗೊಬ್ಬರ ಮನೆಯಲ್ಲೇ ಆಯಿತು. ಸಿಮೆಂಟ್ ನೆಲ ಮಾಡಿ ಪೈಪಿನಲ್ಲಿ ನೀರು ಬಿಟ್ಟು ತೊಳೆಯುವ ಹಟ್ಟಿ ನೋಡಲಿಕ್ಕೆ ಚಂದ, ಆದರೆ ಗಂಜಳ ಎಲ್ಲ ತೋಡಿಗೆ ಹೋಗುತ್ತದೆ. ನನಗೆ ಹಳೇ ಸೊಪ್ಪಿನ ಹಟ್ಟಿಯೇ ಇಷ್ಟ. ಸೊಪ್ಪು ಕಡಿಯಲಿಕ್ಕೆ ಯಾರಿದ್ದಾರೆ ಅಂತ ಕೇಳುತ್ತೀರಿ, ಗೊತ್ತು. ತೋಟದಲ್ಲಿ ಬಿದ್ದ ಸೋಗೆ, ಒಣ ಎಲೆಯನ್ನೇ ಹಾಕಿ.

ಮೇವಿಗೆ ನಿಮ್ಮಲ್ಲಿ ಹಾಳೆ ಉಂಟಲ್ಲ. ಬಿದ್ದ ಅಡಿಕೆ ಹಾಳೆಯನ್ನು ಕಪ್ಪು ಹಿಡಿಯುವ ಮೊದಲು ಹೆಕ್ಕಿ, ಸಣ್ಣಗೆ ಕತ್ತರಿಸಿ ಹಾಕಿದರೆ ಬೈಹುಲ್ಲಿಗೆ ಬದಲಿ ಆಗುತ್ತದೆ. ಕತ್ತರಿಸುವ ಯಂತ್ರವೇ ಬಂದಿದೆ. ಒಂದು ಮಾತು ಮಾತ್ರ ಮರೆಯಬೇಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುತ್ತೀರಲ್ಲ, ಮೈಲುತುತ್ತು ಸುಣ್ಣದ್ದು, ಅದು ಮರದ ಬುಡದ ಹುಲ್ಲಿಗೂ ಬೀಳುತ್ತದೆ. ಮದ್ದು ಬಿಟ್ಟ ಮೇಲೆ ಎರಡು ಮೂರು ಜೋರು ಮಳೆ ಬಿದ್ದು ತೊಳೆದು ಹೋಗುವವರೆಗೆ ಆ ಹುಲ್ಲು ಕೊಯ್ಯಬೇಡಿ, ನೀಲಿ ಬಿದ್ದ ಹಾಳೆಯನ್ನೂ ಹಾಕಬೇಡಿ. ತಾಮ್ರ ಮೈಯಲ್ಲಿ ಸೇರಿಕೊಂಡು ಕೂತರೆ ಮತ್ತೆ ಲಿವರ್ ಹಾಳು.

ಇನ್ನೊಂದು ಅಪಾಯ ಹಲಸು. ಮೇ, ಜೂನ್ ಬಂದರೆ ನನಗೆ ರಾತ್ರಿ ನಿದ್ದೆ ಇರುತ್ತಿರಲಿಲ್ಲ. ಹಗ್ಗ ಬಿಚ್ಚಿಕೊಂಡು ಹೋದ ದನ ಮರದಡಿ ಬಿದ್ದ ಹಣ್ಣು ಹೊಟ್ಟೆ ತುಂಬ ತಿನ್ನುತ್ತದೆ. ಮರುದಿನ ಎಡ ಪಕ್ಕೆ ಉಬ್ಬಿ, ಮೆಲುಕು ನಿಂತು, ಹಲ್ಲು ಕಡಿಯುತ್ತಾ, ನೀರಾಗಿ ಹುಳಿ ವಾಸನೆಯ ಸಗಣಿ ಹಾಕುತ್ತಾ ನಿಂತಿರುತ್ತದೆ. ಹೊಟ್ಟೆ ಒಳಗೆ ಪೂರ್ತಿ ಹುಳಿಯಾಗಿರುತ್ತದೆ. ಗಿಡ್ಡಕ್ಕೆ ಐವತ್ತು ಗ್ರಾಂ ಅಡುಗೆ ಸೋಡಾ ನೀರಿನಲ್ಲಿ ಕದಡಿ, ತಲೆ ಜಾಸ್ತಿ ಎತ್ತದೆ, ಬಾಯಿಯ ಪಕ್ಕದಿಂದ ನಿಧಾನ ಕುಡಿಸಿ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ನಾಳೆ ನೋಡುವ ಅಂತ ಕೂತರೆ ದನ ಏಳುವುದಿಲ್ಲ.

ಹೊರಗಿನಿಂದ ಕೊಳ್ಳುವುದಾದರೆ, "ದಾನ ಕೊಟ್ಟ ದನದ ಹಲ್ಲು ಎಣಿಸಬೇಡ" ಅನ್ನುವ ಗಾದೆ ಇದೆಯಲ್ಲ, ದುಡ್ಡು ಕೊಟ್ಟ ದನದ್ದು ಎಣಿಸಿಯೇ ಎಣಿಸಿ. ಕೆಳಗಿನ ಸಾಲಿನಲ್ಲಿ ಎರಡು ದೊಡ್ಡ ಹಲ್ಲು ಇದ್ದರೆ ಎರಡು ವರ್ಷದ ಆಚೀಚೆ, ಎಂಟೂ ಬಂದಿದ್ದರೆ ನಾಲ್ಕು ದಾಟಿದೆ. ಹಿಂದಿನ ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ದೊಡ್ಡದು ಮಾಡಿ ತೋರಿಸುವ ದಲ್ಲಾಳಿಗಳು ಇದ್ದಾರೆ. ಆದ್ದರಿಂದ ಸಂಜೆ, ಬೆಳಗ್ಗೆ, ಮತ್ತೆ ಸಂಜೆ, ಮೂರು ಹೊತ್ತು ಎದುರು ನಿಂತು ಕರೆಸಿ ನೋಡಿ. ನಾಲ್ಕು ಮೊಲೆಯಲ್ಲೂ ಹಾಲು ಬರಬೇಕು. ಪುತ್ತೂರು, ಸುಳ್ಯ ಕಡೆಯಿಂದ ತರುವುದಾದರೆ ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಸಾಗಣೆಗೆ ಕಾಗದಪತ್ರ ಬೇಕು. ಸುಮ್ನೆ ಪಿಕಪ್‌ನಲ್ಲಿ ಹಾಕಿಕೊಂಡು ಬಂದು ಗಡಿಯಲ್ಲಿ ಸಿಕ್ಕಿಬೀಳಬೇಡಿ. ಕಿವಿಯಲ್ಲಿ ಹನ್ನೆರಡು ಅಂಕೆಯ ಟ್ಯಾಗ್ ಇದೆಯಾ, ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಆಗಿದೆಯಾ, ಅದೂ ನೋಡಿ. ಮತ್ತೆ ಗಿಡ್ಡಕ್ಕೆ ದೊಡ್ಡ ತಳಿಯ ಗಬ್ಬದ ಇಂಜೆಕ್ಷನ್ ಹಾಕಿಸಬೇಡಿ. ಕರು ದೊಡ್ಡದಾಗಿ ಹೆರಿಗೆಯಲ್ಲಿ ಸಿಕ್ಕಿಕೊಂಡರೆ ತಾಯಿಯೂ ಇಲ್ಲ ಕರುವೂ ಇಲ್ಲ.

ಹುಟ್ಟಿದ್ದು ಗಂಡು ಕರುವಾದರೆ? ಮೊದಲು ಗದ್ದೆ ಇತ್ತು, ಉಳುಮೆ ಇತ್ತು. ಈಗ ಗದ್ದೆಯಲ್ಲಿ ಅಡಿಕೆ ನಿಂತಿದೆ. ಈ ಪ್ರಶ್ನೆಗೆ ಚಂದದ ಉತ್ತರ ನನ್ನಲ್ಲಿಲ್ಲ. ಸಾಕುತ್ತೇವೆ, ಗೊಬ್ಬರಕ್ಕಾದರೂ ಆಗುತ್ತದೆ ಅನ್ನುವವರೂ ಇದ್ದಾರೆ, ಹೋರಿ ಬೇಕಾದವರಿಗೆ ಕೊಡುವವರೂ ಇದ್ದಾರೆ. ನಿಮ್ಮದೇನು ಅಂತ ಮನೆಯಲ್ಲಿ ಕೂತು ಮಾತಾಡಿ, ದನ ತರುವ ಮೊದಲೇ. ಕರು ಅಂಗಳದಲ್ಲಿ ಕುಣಿಯಲು ಶುರು ಮಾಡಿದ ಮೇಲೆ ಮಾತಾಡಲಿಕ್ಕೆ ಕಷ್ಟ.

ಆಡು ಈಗ ಬೇಡ. "ಆಡು ಮುಟ್ಟದ ಸೊಪ್ಪಿಲ್ಲ" ಅನ್ನುವುದನ್ನು ಎಲ್ಲರೂ ಲಾಭದ ಲೆಕ್ಕದಲ್ಲಿ ಹೇಳುತ್ತಾರೆ. ನಿಮ್ಮ ಅಡಿಕೆ ಸಸಿ, ಪಕ್ಕದ ಮನೆಯವರ ಒಳ್ಳೆಮೆಣಸಿನ ಬಳ್ಳಿ, ಅಮ್ಮನ ದಾಸವಾಳ, ಇದೂ ಸೊಪ್ಪೇ ಅಲ್ವಾ? ಬಿಟ್ಟು ಮೇಯಿಸುವ ಹಾಗಿಲ್ಲ. ಕಟ್ಟಿ ಹಾಕಿದರೆ ಒಂದಕ್ಕೆ ದಿನಕ್ಕೆ ನಾಲ್ಕೈದು ಕಿಲೋ ಸೊಪ್ಪು, ಹತ್ತಕ್ಕೆ ನಲವತ್ತೈದು ಕಿಲೋ, ಜಡಿಮಳೆಯಲ್ಲೂ ಕಡಿದು ತರಬೇಕು. ಮಲಬಾರಿ ಆಡು ಒಳ್ಳೆಯ ತಳಿ, ಐದು ತಿಂಗಳಿಗೆ ಗಬ್ಬ ಮುಗಿಯುತ್ತದೆ, ಅವಳಿ ಮರಿ ಮಾಮೂಲು, ಇದೆಲ್ಲ ನಿಜ. ಮೂರನೇ ವರ್ಷ ಬೇಕು ಅನಿಸಿದರೆ ಎರಡು ಹೆಣ್ಣು ತನ್ನಿ. ಅಡಿಕೆ ಸಲಾಕೆ ಹೊಡೆದು ನೆಲದಿಂದ ಮೂರ್ನಾಲ್ಕು ಅಡಿ ಎತ್ತರದ ಅಟ್ಟಳಿಗೆ ಕಟ್ಟಿ, ಹಿಕ್ಕೆ ಕೆಳಗೆ ಬೀಳಲಿ. ತೇವದ ನೆಲದಲ್ಲಿ ನಿಂತ ಆಡು ಮಳೆಗಾಲ ದಾಟುವುದಿಲ್ಲ. ಮರಗೆಣಸಿನ ಹಸಿ ಎಲೆ, ರಬ್ಬರ್ ಎಲೆ ದೂರ ಇರಲಿ. ಅದರಲ್ಲಿ ಸಯನೈಡ್ ಇರುತ್ತದೆ. ಒಂದು ಮನೆಯಲ್ಲಿ ಗೆಣಸು ಕಿತ್ತ ದಿನ ಎಲೆಯನ್ನು ಆಡಿಗೆ ಹಾಕಿ, ಮನೆಯವರು ಗೆಣಸು ಬೇಯಿಸುತ್ತಿದ್ದರು. ಗೆಣಸು ಬೇಯುವ ಮೊದಲು ಮೂರು ಆಡು ಸತ್ತಿದ್ದವು.

ಮುಜಂಟಿ ಜೇನು ಮಾತ್ರ ಈ ವರ್ಷವೇ ಇಡಿ. ಇದು ಮುಳ್ಳಿಲ್ಲದ ಸಣ್ಣ ಜೇನು, ಚುಚ್ಚುವುದಿಲ್ಲ, ಮೇವು ಕೇಳುವುದಿಲ್ಲ, ಬಿದಿರಿನ ಕೊಳವೆಯಲ್ಲೋ ಸಣ್ಣ ಪೆಟ್ಟಿಗೆಯಲ್ಲೋ ಮಾಡಿನ ಕೆಳಗೆ ತೂಗಿದರೆ ಆಯಿತು. ಜೇನು ಸಿಗುವುದು ಸ್ವಲ್ಪವೇ. ತುಡುವೆ ಪೆಟ್ಟಿಗೆ ಆಮೇಲೆ ನೋಡುವ. ಅದಕ್ಕೆ ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡಬೇಕು, ಕೈ ಪಳಗಬೇಕು. ತೊಂಬತ್ತರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ರೋಗ ಬಂದು ಕೇರಳ, ಕರ್ನಾಟಕ ಎರಡೂ ಕಡೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ನಿಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಅದಕ್ಕಿಂತ ದೊಡ್ಡ ಕತೆಯೂ ಇದೆ, ಗೇರು ತೋಟದ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟ ಕಾಲದ್ದು, ನಾನು ಹೇಳಬೇಕಾಗಿಲ್ಲ, ಅಮ್ಮ ಹೇಳುತ್ತಾರೆ. ಆ ನೆಲದಲ್ಲಿ ಜೇನು ಕೂತಿದೆ ಅಂದರೆ ನನಗೆ ಈಗಲೂ ಒಂದು ಖುಷಿ.

ಮೊಲ, ಕಾಡ ಹಕ್ಕಿ (ಕ್ವೇಲ್), ಕುರಿ ಯಾವುದೂ ಬೇಡ. ಕುರಿಗೆ ನಮ್ಮ ಮಳೆ ಆಗದು, ಮೊಲಕ್ಕೆ ನಮ್ಮ ಸೆಕೆ ಆಗದು. "ನಾವೇ ಮರಿ ಕೊಡುತ್ತೇವೆ, ನಾವೇ ವಾಪಸ್ ಕೊಳ್ಳುತ್ತೇವೆ" ಅಂತ ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿ. 2012ರಲ್ಲಿ ತಮಿಳುನಾಡಿನಲ್ಲಿ ಎಮು ಹಕ್ಕಿಗೆ ದುಡ್ಡು ಕಟ್ಟಿದವರು ಕೊನೆಗೆ ಹಕ್ಕಿಯನ್ನೂ ಬಿಡಲಾರದೆ, ದುಡ್ಡೂ ಇಲ್ಲದೆ ಕೂತರು.

ಒಂದೂವರೆ ಲಕ್ಷದಲ್ಲಿ ಮೂರನೇ ಒಂದು ಪಾಲನ್ನು ಮುಟ್ಟಬೇಡಿ, ಅದು ಮದ್ದಿಗೆ, ಮೇವಿಗೆ. ಇನ್ನೊಂದು ಪಾಲು ಗೂಡಿಗೆ, ಹಟ್ಟಿಗೆ. ಪ್ರಾಣಿಗೆ ಉಳಿದದ್ದು. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಮಗಳ ವಿಷಯ. ಪಾಠ ಅಂತ ಕೂರಿಸಿ ಹೇಳಬೇಡಿ, ಕೆಲಸ ಕೊಡಿ. ಸಂಜೆ ಕೋಳಿ ಗೂಡಿಗೆ ಹತ್ತುವಾಗ ಎಣಿಸುವ ಕೆಲಸ ಅವಳದ್ದು. ಚಿಲಕ ಹಾಕುವುದು ಮಾತ್ರ ನೀವು, ಅದರ ತಪ್ಪು ಎಂಟು ವರ್ಷದ ಮಗುವಿನ ತಲೆಗೆ ಬರಬಾರದು. ಮರಿಗಳು ಎರಡು ತಿಂಗಳಾಗುವಾಗ ಹೇಂಟೆ ಒಂದು ದಿನ ಇದ್ದಕ್ಕಿದ್ದಂತೆ ತನ್ನ ಮರಿಯನ್ನೇ ಕುಕ್ಕಿ ಓಡಿಸುತ್ತದೆ. ಅವಳು ಅಳುತ್ತಾ ಓಡಿ ಬರುತ್ತಾಳೆ, ನೋಡಿ. ಆಗ ಅಜ್ಜಿಯ ಹತ್ತಿರ ಕಳಿಸಿ, ನೀವು ವಿವರಿಸಲಿಕ್ಕೆ ಹೋಗಬೇಡಿ. ಯಾವುದಕ್ಕೆ ಹೆಸರಿಡಬಹುದು, ಯಾವುದಕ್ಕೆ ಇಡಬಾರದು ಅಂತಲೂ ಮೊದಲೇ ಹೇಳಿಬಿಡಿ. ಹೆಸರಿಟ್ಟ ಹುಂಜವನ್ನು ಮಾರಿ, ಓಡಿಹೋಯಿತು ಅಂತ ಸುಳ್ಳು ಹೇಳಿದ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಮಕ್ಕಳಿಗೆ ಗೊತ್ತಾಗುತ್ತದೆ. ಹೋದದ್ದನ್ನು ಮರೆಯುತ್ತಾರೆ, ಸುಳ್ಳನ್ನು ಮರೆಯುವುದಿಲ್ಲ.

ಕಾಲಲ್ಲಿ ಗಾಯ ಇರುವಾಗ ಮಳೆಗಾಲದ ಹಟ್ಟಿಗೆ ಬರಿಗಾಲಲ್ಲಿ ಬಿಡಬೇಡಿ, ಇಲಿಜ್ವರದ ಊರು ನಮ್ಮದು. ಹಾಲು ಕಾಯಿಸಿಯೇ ಕುಡಿಯಿರಿ. ನಾಯಿಗೆ ವರ್ಷಕ್ಕೊಮ್ಮೆ ಹುಚ್ಚಿನ ಲಸಿಕೆ.

ಇಷ್ಟಾದ ಮೇಲೆ ಅಮ್ಮನನ್ನು ಕೇಳಿ. "ದನ ತರಲಾ?" ಅಂತ ಕೇಳಬೇಡಿ, ಮಗ ಕೇಳಿದರೆ ಹೂಂ ಅನ್ನುತ್ತಾರೆ. "ನಿನಗೆ ಬೆಳಗ್ಗೆ ಏಳುವಾಗ ಮಂಡಿ ಹೇಗಿರುತ್ತದೆ?" ಅಂತ ಕೇಳಿ. ಅಕ್ಟೋಬರಿಗೆ ಕೋಳಿ ಗೂಡು ಕಟ್ಟಿ ಆದರೆ, ಮರಿ ತರುವ ಮೊದಲು ಅದರ ನಾಲ್ಕು ಬದಿಯ ಫೋಟೋ ತೆಗೆದು ಕಳಿಸಿ. ಹಿಂಬದಿಯದ್ದು ಹತ್ತಿರದಿಂದ ತೆಗೆಯಿರಿ.